ಸಮಾಜಕಾರ್ಯ ಕಲಿಸುವವರು ಸಮಾಜಕಾರ್ಯ ಮಾಡಿರಲಿ

ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯು ಓದಿ, ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿ, ಹತ್ತು ವರ್ಷ ಲಾರಿ ಚಾಲಕರ ನಡುವೆ ಎಚ್‌ಐವಿ ತಡೆಯ ಕೆಲಸ ಮಾಡಿದ ಹೆಣ್ಣುಮಗಳೊಬ್ಬಳು ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದಳು ಎಂದುಕೊಳ್ಳೋಣ. ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎನ್ನುವುದಕ್ಕೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ನೂರು ಅಂಕಗಳ ಒಂದು ಲೆಕ್ಕವಿದೆ. ಪದವಿಯ ಅಂಕಗಳಿಗೆ ಗರಿಷ್ಠ 15, ಸ್ನಾತಕೋತ್ತರ ಪದವಿಗೆ 25, ಪಿಎಚ್‌ಡಿಗೆ 30, ಜೆಆರ್‌ಎಫ್ ಸಹಿತ ನೆಟ್‌ಗೆ 7, ಪ್ರಕಟವಾದ ಸಂಶೋಧನಾ ಲೇಖನಗಳಿಗೆ 10, ಬೋಧನೆ ಅಥವಾ ಪಿಎಚ್‌ಡಿ ನಂತರದ ಸಂಶೋಧನೆಯ ಅನುಭವಕ್ಕೆ 10, ಪ್ರಶಸ್ತಿಗಳಿಗೆ 3. ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎಷ್ಟು ಸಲ ಓದಿದರೂ ಅವಳ ಹತ್ತು ವರ್ಷಕ್ಕೆ ಒಂದಂಕ ಸಿಗುವುದಿಲ್ಲ. ಅದೇ ಹತ್ತು ವರ್ಷ ಲೈಬ್ರರಿಯಲ್ಲಿ ಕೂತು ಲಾರಿ ಚಾಲಕರ ಬಗ್ಗೆ ಪ್ರಬಂಧ ಬರೆದಿದ್ದರೆ 30 ಸಿಗುತ್ತಿತ್ತು.

ಗಣಿತಕ್ಕೋ ಇತಿಹಾಸಕ್ಕೋ ಈ ಲೆಕ್ಕ ಸರಿಹೋಗಬಹುದು. ಸಮಾಜಕಾರ್ಯಕ್ಕೆ ಇದು ಅನ್ಯಾಯ ಎಂದು ನಾನು ನಂಬಿದ್ದೇನೆ, ಅದನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ಎಂಎಸ್‌ಡಬ್ಲ್ಯು ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ತರಗತಿ ಬಿಟ್ಟು ಕ್ಷೇತ್ರಕ್ಕೆ ಹೋಗುತ್ತಾನೆ. ಆಸ್ಪತ್ರೆ, ಬಾಲಮಂದಿರ, ಕೊಳೆಗೇರಿ, ಕಾರ್ಖಾನೆ. ವಾಪಸು ಬಂದು ವರದಿ ಬರೆಯುತ್ತಾನೆ, ಮೇಷ್ಟ್ರು ಅದನ್ನು ನೋಡಿ ತಿದ್ದುತ್ತಾರೆ. ಆ ವರದಿ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು, ಪುಟದ ಮೇಲೆ ಪುಟ ಒಂದೇ ವಾಕ್ಯ: ಸಂಸ್ಥೆಗೆ ಭೇಟಿ ನೀಡಿ ಫಲಾನುಭವಿಗಳೊಂದಿಗೆ ಬಾಂಧವ್ಯ ಬೆಳೆಸಲಾಯಿತು. ಕೆಳಗೆ ಕೆಂಪು ಶಾಯಿಯ ಸಹಿ. ಯಾರ ಜೊತೆ, ಏನು ಮಾತಾಡಿ, ಅವರು ಎದ್ದು ಹೋದದ್ದೇಕೆ, ಮರುದಿನ ನೀನೇನು ಮಾಡಿದೆ ಎಂದು ಕೇಳಬೇಕಾದರೆ ಕೇಳುವವರು ಸ್ವತಃ ಎಂದಾದರೂ ಅಂಥವರ ಜಗಲಿಯ ಮೇಲೆ ಕೂತಿರಬೇಕು. ನೇಮಕಾತಿಯ ಅಂಕಪಟ್ಟಿ ಕೇಳದೇ ಬಿಟ್ಟಿರುವುದು ಅದನ್ನೇ.

ಶಿಕ್ಷಕರ ಹಿನ್ನೆಲೆಗೂ ವಿದ್ಯಾರ್ಥಿಯ ಕಣ್ಣಿಗೆ ಬೀಳುವ ಜನರಿಗೂ ನೇರ ಸಂಬಂಧವಿದೆ. ಅದನ್ನು ಕಾಣಲು ವಿಶಾಖಪಟ್ಟಣ ಒಳ್ಳೆಯ ಜಾಗ. ಆಂಧ್ರ ವಿಶ್ವವಿದ್ಯಾಲಯ ಅಲ್ಲಿದೆ. ಅದರಲ್ಲಿ ಸಮಾಜಕಾರ್ಯ ವಿಭಾಗವೂ ಇದೆ. ಊರಿನ ಇನ್ನೊಂದು ಬದಿಗೆ ಉಕ್ಕಿನ ಕಾರ್ಖಾನೆ, ಹಿಂದೂಸ್ತಾನ್ ಶಿಪ್‌ಯಾರ್ಡ್, ಎಚ್‌ಪಿಸಿಎಲ್ ತೈಲಾಗಾರ. ಈ ದೊಡ್ಡ ಗೇಟುಗಳ ನೆರೆಯಲ್ಲಿ, ಗಾಜುವಾಕದ ಬಳಿ, ವಾಹನ ರಿಪೇರಿ ಮಾಡುವ, ಲಾರಿ ಬಾಡಿ ಕಟ್ಟುವ ಸಣ್ಣ ಶೆಡ್ಡುಗಳ ಆಟೋನಗರ.

ಅಲ್ಲಿನ ಒಂದು ಶೆಡ್ಡು ಹೇಗಿರುತ್ತದೆ? ಒಬ್ಬ ಮೇಸ್ತ್ರಿ, ಇಬ್ಬರು ಹೆಲ್ಪರುಗಳು, ಪಾನೆ ಎತ್ತಿಕೊಡಲು ಒಬ್ಬ ಹುಡುಗ. ಬರೀ ಚಾಸಿಸ್ ಆಗಿ ಬಂದ ಲಾರಿ ಇಲ್ಲಿ ಕ್ಯಾಬಿನ್, ತೊಟ್ಟಿ, ಬಣ್ಣ ಎಲ್ಲ ಹೊತ್ತು ಹೊರಡುತ್ತದೆ. ಪಕ್ಕದ ಶೆಡ್ಡಿನಲ್ಲಿ ಸ್ಪ್ರಿಂಗ್ ಪಟ್ಟಿ ಬಡಿಯುತ್ತಾರೆ, ಅದರಾಚೆ ರೇಡಿಯೇಟರ್, ಅದರಾಚೆ ಟಿಂಕರಿಂಗ್. ವೆಲ್ಡಿಂಗ್ ಮಾಡುವವನ ಒಂದು ಕೈಯಲ್ಲಿ ಹೋಲ್ಡರ್, ಇನ್ನೊಂದು ಕೈಯಲ್ಲಿ ತಗಡು ಹಿಡಿಯಬೇಕಾದಾಗ ಕಪ್ಪು ಗಾಜು ನೆಲಕ್ಕೆ ಹೋಗುತ್ತದೆ. ಆಗ ಅವನು ಮುಖ ತಿರುಗಿಸಿ ಕಣ್ಣು ಮುಚ್ಚಿ ಟಾಕಾ ಹಾಕುತ್ತಾನೆ. ರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ, ರೆಪ್ಪೆಯ ಮೇಲೆ ಆಲೂಗೆಡ್ಡೆ ಹೋಳು ಇಟ್ಟುಕೊಂಡು ಮಲಗುವುದು, ಬೆಳಿಗ್ಗೆ ಮತ್ತೆ ಕೆಲಸ. ಅವನಿಗೆ ಇಎಸ್‌ಐ ಇಲ್ಲ, ಏಕೆಂದರೆ ಅದಕ್ಕೆ ಕನಿಷ್ಠ ಹತ್ತು ಮಂದಿ ಕೆಲಸಗಾರರು ಬೇಕು. ಕಾರ್ಖಾನೆ ಕಾಯ್ದೆ ಇಲ್ಲ, ಅದಕ್ಕೂ ವಿದ್ಯುತ್ ಬಳಸುವಲ್ಲಿ ಹತ್ತು ಮಂದಿ ಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸಿತು, 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಹುಡುಗನ ವಿಷಯ ಇನ್ನೂ ಹಳೆಯದು. 1986ರ ಬಾಲಕಾರ್ಮಿಕ ಕಾಯ್ದೆಯಡಿ ಮಕ್ಕಳನ್ನು ದುಡಿಸಬಾರದ ಉದ್ಯೋಗಗಳ ಪಟ್ಟಿಯಲ್ಲಿ ಆಟೋಮೊಬೈಲ್ ವರ್ಕ್‌ಶಾಪ್, ಗ್ಯಾರೇಜುಗಳ ಹೆಸರನ್ನೇ ಬರೆದಿದ್ದರು. ಅಂಥ ಮಕ್ಕಳನ್ನು ಬಿಡಿಸಿ ಓದಿಸಲೆಂದು 1988ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆ 2021ರಲ್ಲಿ ಸಮಗ್ರ ಶಿಕ್ಷಣದೊಳಗೆ ಕರಗಿತು.

ಸಮಾಜಕಾರ್ಯ ಕಲಿಯುವವರಿಗೆ ಇದಕ್ಕಿಂತ ದೊಡ್ಡ ತರಗತಿ ಬೇಕೆ? ಆದರೆ ನಮ್ಮ ವಿಭಾಗಗಳ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಳಿಸುವುದು ದೊಡ್ಡ ಗೇಟಿನೊಳಕ್ಕೆ, ಅದರಲ್ಲೂ ಎಚ್‌ಆರ್ ಕಚೇರಿಗೆ. ಇದರ ಬೇರು 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ನಿನಲ್ಲಿದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ಅದು ಹೇಳಿತು. ಆ ಹುದ್ದೆಗೆ ಜನರನ್ನು ಸಿದ್ಧಪಡಿಸಲು ದೇಶದ ಸಮಾಜಕಾರ್ಯ ಶಾಲೆಗಳಲ್ಲಿ ಕಾರ್ಮಿಕ ಕಲ್ಯಾಣ ಎಂಬ ವಿಶೇಷ ವಿಷಯ ಬೆಳೆಯಿತು. ಕ್ರಮೇಣ ಕಲ್ಯಾಣ ಹಿಂದೆ ಸರಿದು ಸಿಬ್ಬಂದಿ ನಿರ್ವಹಣೆ ಮುಂದೆ ಬಂತು, ಆಮೇಲೆ ಮಾನವ ಸಂಪನ್ಮೂಲ. ಆ ದಾರಿಯಲ್ಲಿ ಓದಿದವರೇ ಮೇಷ್ಟ್ರಾದರು, ಅವರ ಶಿಷ್ಯರು ಮತ್ತೆ ಮೇಷ್ಟ್ರಾದರು. ಕ್ಷೇತ್ರಕಾರ್ಯಕ್ಕೆ ಅವರಿಗೆ ಪರಿಚಯವಿರುವುದು ಕಂಪನಿಯ ಎಚ್‌ಆರ್ ಮ್ಯಾನೇಜರ್, ಆಟೋನಗರದ ಮೇಸ್ತ್ರಿ ಅಲ್ಲ. ಯಾರ ಫೋನ್ ನಂಬರ್ ಇದೆಯೋ ಅಲ್ಲಿಗೆ ವಿದ್ಯಾರ್ಥಿ ಹೋಗುತ್ತಾನೆ. ಇದರಲ್ಲಿ ಯಾವ ಒಬ್ಬ ಮೇಷ್ಟ್ರ ದುರುದ್ದೇಶವೂ ಇಲ್ಲ. ಆದರೆ ಒಂದು ಪೀಳಿಗೆಯ ಆಸಕ್ತಿ ಮುಂದಿನ ಪೀಳಿಗೆಯ ಕುರುಡಾಗಿದೆ.

ಸಂಶೋಧನೆಯ ಆಸಕ್ತಿಯದ್ದೂ ಹೆಚ್ಚುಕಡಿಮೆ ಇದೇ ಪಾಡು. ಸ್ವಸಹಾಯ ಸಂಘಗಳ ಪಾತ್ರ, ಗ್ರಾಮೀಣ ಮಹಿಳೆಯರ ಸಬಲೀಕರಣ, ಇಂತಿಂಥ ತಾಲ್ಲೂಕಿನ ಒಂದು ಅಧ್ಯಯನ. ಪ್ರಶ್ನಾವಳಿ ಹಂಚುವುದು, ಶೇಕಡಾವಾರು ಕೋಷ್ಟಕ ಹಾಕುವುದು, ಸಬಲೀಕರಣ ಆಗಿದೆ ಎಂದು ಮುಗಿಸುವುದು. ಇಂಥ ಪ್ರಬಂಧ ಬರೆದವರನ್ನು ದೂರಿ ಪ್ರಯೋಜನವಿಲ್ಲ, 30 ಅಂಕ ಇರುವುದು ಅದಕ್ಕೇ.

ಈ ವಿದ್ಯೆ ಭಾರತದಲ್ಲಿ ಶುರುವಾದದ್ದು ಹೀಗಿರಲಿಲ್ಲ. 1936ರಲ್ಲಿ ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ತೆರೆದಾಗ ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಅದಕ್ಕೂ ಮೊದಲು ವರ್ಷಗಟ್ಟಲೆ ನಾಗಪಾಡಾದ ದುಡಿಯುವ ಜನರ ನಡುವೆ ನೆರೆಹೊರೆ ಕೇಂದ್ರ ನಡೆಸಿದವರು ಅವರು. ಕೇಂದ್ರ ಮೊದಲು, ಶಾಲೆ ಆಮೇಲೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿ ಬೆಳೆದ ಆ ಶಾಲೆಯ ಒಳ್ಳೆಯ ಕೆಲಸಗಳೆಲ್ಲ ಇದೇ ಕ್ರಮದಿಂದ ಬಂದಿವೆ. 1984ರಲ್ಲಿ ಮುಂಬೈ ಪೊಲೀಸ್ ಆಯುಕ್ತರ ಕಚೇರಿಯೊಳಗೇ ಮಹಿಳೆಯರು, ಮಕ್ಕಳಿಗಾಗಿ ವಿಶೇಷ ಘಟಕ ತೆರೆದರು. ಗಂಡನ ಹೊಡೆತ ತಿಂದು ಠಾಣೆಗೆ ಬಂದವಳ ಮುಂದೆ ತರಬೇತಾದ ಸಮಾಜ ಕಾರ್ಯಕರ್ತೆ ಕೂತಳು. 1996ರಲ್ಲಿ ಅಲ್ಲಿನ ಅಧ್ಯಾಪಕಿ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳ ಜೊತೆಗಿನ ಒಡನಾಟದಿಂದ ಚೈಲ್ಡ್‌ಲೈನ್ ಕಟ್ಟಿದರು. ಇವತ್ತು ಯಾವ ಹಳ್ಳಿಯ ಮಗುವೂ ಒತ್ತಬಹುದಾದ 1098 ಬಂದದ್ದು ಹೀಗೆ. ಅಧ್ಯಾಪಕರ ಆಸಕ್ತಿ ಏನು ಮಾಡಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲೂ ಉದಾಹರಣೆಗಳಿವೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಎಚ್.ಎಂ. ಮರುಳಸಿದ್ಧಯ್ಯನವರ ‘ಓಲ್ಡ್ ಪೀಪಲ್ ಆಫ್ ಮಾಕುಂಟಿ’ 1969ರಲ್ಲೇ ಬಂತು. ಹಳ್ಳಿಯ ಮುದುಕರ ಬದುಕು ವಿಶ್ವವಿದ್ಯಾಲಯದ ವಿಷಯವಾಗಬಹುದೆಂದು ಯಾರೂ ಎಣಿಸದ ಕಾಲ ಅದು. ಸಮಾಜಕಾರ್ಯವನ್ನು ಕನ್ನಡದಲ್ಲಿ ಬರೆಯಬಹುದೆಂದು ತೋರಿಸಿದವರೂ ಅವರು. ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗವನ್ನು ನೋಡಿ. ಅಲ್ಲಿ ಪಾಠ ಮಾಡುವವರು ರೋಗಿಗಳನ್ನೂ ಅವರ ಮನೆಯವರನ್ನೂ ಕಾಣುತ್ತಾರೆ, ವಿದ್ಯಾರ್ಥಿ ಅವರ ಪಕ್ಕದಲ್ಲಿ ಕೂತು ಕಲಿಯುತ್ತಾನೆ. ಆಸ್ಪತ್ರೆಯೊಳಗಿನ ವಿಭಾಗಕ್ಕೆ ಸಾಧ್ಯವಾದದ್ದು ಧಾರವಾಡಕ್ಕೋ ಕಲಬುರ್ಗಿಗೋ ತುಮಕೂರಿಗೋ ಏಕೆ ಅಸಾಧ್ಯವಾಗಬೇಕು?

ಇದನ್ನು ನಿಯಮವಾಗಿಯೂ ಬರೆಯಬಹುದು. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನದಂಡ ಸ್ಪಷ್ಟವಾಗಿದೆ: ವೃತ್ತಿಗೆ ಸಂಬಂಧಿಸಿದ ವಿಷಯ ಕಲಿಸುವವರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮತ್ತು ಆ ಪದವಿಯ ನಂತರ ಕನಿಷ್ಠ ಎರಡು ವರ್ಷ ಕ್ಷೇತ್ರದ ಅನುಭವ ಇರಬೇಕು. ನಮ್ಮಲ್ಲಿ ವಕೀಲರಿಗೆ, ವೈದ್ಯರಿಗೆ, ನರ್ಸುಗಳಿಗೆ ಶಾಸನಬದ್ಧ ಮಂಡಳಿಗಳಿವೆ. ಸಮಾಜಕಾರ್ಯಕ್ಕೆ ಅಂಥ ಪ್ರತ್ಯೇಕ ಮಂಡಳಿ ಇಂದಿಗೂ ಇಲ್ಲ. ಮಸೂದೆಯ ಕರಡುಗಳು 1990ರ ದಶಕದಿಂದ ಓಡಾಡುತ್ತಲೇ ಇವೆ.

ಮಂಡಳಿ ಬರುವ ಮೊದಲೇ ಗಾಳಿ ಬೇರೆ ದಿಕ್ಕಿಗೆ ತಿರುಗಿದೆ. 2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮಾವಳಿ ಹೊರಡಿಸಿತು. ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧಿಸಿದರು. ಜಗಳವೆಲ್ಲ ಕುಲಪತಿ ನೇಮಕ ಯಾರ ಕೈಲಿರಬೇಕು ಎಂಬುದರ ಸುತ್ತ ನಡೆಯಿತು, ಪತ್ರಿಕೆಗಳೂ ಅದನ್ನೇ ಬರೆದವು. ಅದೇ ಕರಡಿನಲ್ಲಿ ಇನ್ನೊಂದು ಮಾತಿತ್ತು. ಪದವಿಯಲ್ಲಿ, ಸ್ನಾತಕೋತ್ತರದಲ್ಲಿ ಏನೇ ಓದಿರಲಿ, ನೆಟ್ ಅಥವಾ ಪಿಎಚ್‌ಡಿ ಯಾವ ವಿಷಯದಲ್ಲಿದೆಯೋ ಆ ವಿಷಯ ಕಲಿಸಬಹುದು. ಅಂದರೆ ಒಂದು ದಿನವೂ ಕ್ಷೇತ್ರಕಾರ್ಯ ಮಾಡದವರು ಸಮಾಜಕಾರ್ಯದ ನೆಟ್ ಬರೆದು ಕ್ಷೇತ್ರಕಾರ್ಯದ ಮೇಲ್ವಿಚಾರಕರಾಗಬಹುದು. ಸಮುದಾಯ ಸೇವೆಗೂ ಅಲ್ಲಿ ಜಾಗವಿದೆ ನಿಜ, ಆದರೆ ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳಲ್ಲಿ ಒಂದಾಗಿ. ಕನಿಷ್ಠ ನಾಲ್ಕು ಆರಿಸಿಕೊಂಡರೆ ಸಾಕು, ಇದನ್ನು ಬಿಟ್ಟರೂ ನಡೆಯುತ್ತದೆ. ಬೆಂಗಳೂರಿನ ಸಭೆ ಈ ಸಾಲಿಗೂ ಅಷ್ಟೇ ದನಿ ಎತ್ತಬೇಕಿತ್ತು.

ನನ್ನ ಮಾತಿಗೆ ಬರುವ ಆಕ್ಷೇಪಗಳಲ್ಲಿ ಎರಡು ಹಗುರವಾದವು. ವಿಶ್ವವಿದ್ಯಾಲಯ ಎನ್‌ಜಿಒ ಅಲ್ಲ, ಅಲ್ಲಿ ವಿದ್ವತ್ತು ಬೇಕು ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ಕಲಿಸುವ ಪ್ರಾಧ್ಯಾಪಕರು ಆಪರೇಷನ್ ಮಾಡುವುದರಿಂದ ಅವರ ವಿದ್ವತ್ತು ಕಡಿಮೆಯಾದದ್ದನ್ನು ನಾನು ಕೇಳಿಲ್ಲ. ಮಕ್ಕಳಿಗೆ ಕೆಲಸ ಸಿಗುವುದು ಎಚ್‌ಆರ್‌ನಲ್ಲೇ ಎನ್ನುತ್ತಾರೆ. ಸಿಗಲಿ, ಅದಕ್ಕೆ ಎಂಬಿಎ ಇದೆ, ಆ ಕೋರ್ಸನ್ನು ಇನ್ನೂ ಚೆನ್ನಾಗಿ ನಡೆಸಲಿ.

ಮೂರನೆಯದು ಹಾಗಲ್ಲ, ಅದಕ್ಕೆ ನಿಂತು ಉತ್ತರ ಕೊಡಬೇಕು. ಅನುಭವ ಕಡ್ಡಾಯ ಮಾಡಿದರೆ ಮನೆಯಲ್ಲಿ ಮೊದಲ ಸಲ ಓದಿದ ದಲಿತ, ಹಿಂದುಳಿದ ಸಮುದಾಯಗಳ ಅಭ್ಯರ್ಥಿಗಳಿಗೆ ಇನ್ನೊಂದು ಅಡ್ಡಗೋಡೆ ಎದ್ದಂತಲ್ಲವೇ? ಸಂದರ್ಶನದ ಕೋಣೆಯಲ್ಲಿ ಅನುಭವ ಎಂಬ ಮಾತು ಹಿಂದೆಯೂ ತಮಗೆ ಬೇಡವಾದವರನ್ನು ಹೊರಗಿಡಲು ಬಳಕೆಯಾಗಿದೆ. ಈ ಆತಂಕ ನಿಜ. ಆದರೆ ಕ್ಷೇತ್ರದಲ್ಲಿ ನಿಜಕ್ಕೂ ದುಡಿಯುತ್ತ ಬಂದವರು ಯಾರೆಂದು ನೋಡಿ. 2003ರಲ್ಲಿ ಆರು ರಾಜ್ಯಗಳಲ್ಲಿ, ಆಂಧ್ರ ಮತ್ತು ಕರ್ನಾಟಕವೂ ಸೇರಿದಂತೆ, ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಶುರುವಾದಾಗ ಕೆಳಹಂತದಲ್ಲಿ ದುಡಿದವರು ಯಾರು? ಲಾರಿ ನಿಲ್ದಾಣದಲ್ಲಿ ರಾತ್ರಿ ಚಾಲಕರ ಜೊತೆ ಮಾತಾಡಿದವರು, ಲೈಂಗಿಕ ಕಾರ್ಯಕರ್ತೆಯರ ಮನೆ ಬಾಗಿಲಿಗೆ ಹೋದವರು, ಸಣ್ಣ ಗೌರವಧನಕ್ಕೆ ಬಸ್ಸಿನಲ್ಲಿ ಅಲೆದವರು ಹೆಚ್ಚಾಗಿ ಇಂಥದೇ ಮನೆಗಳ ಮಕ್ಕಳು. ಪಿಎಚ್‌ಡಿ ಮುಗಿಸಲು ಐದಾರು ವರ್ಷ ಸಂಬಳವಿಲ್ಲದೆ ಕೂರಲಾಗದೆ ಕೆಲಸಕ್ಕೆ ಹೋದವರು. ಈಗಿನ ಅಂಕಪಟ್ಟಿ ಹೊರಗಿಟ್ಟಿರುವುದು ಅವರನ್ನೇ. ಅವರ ದುಡಿಮೆಗೆ ಅಂಕ ಕೊಟ್ಟರೆ ಬಾಗಿಲು ಅವರಿಗೇ ತೆರೆಯುತ್ತದೆ. ಮೀಸಲಾತಿ ಒಂದಿಷ್ಟೂ ಅಲುಗಬಾರದು. ಅನುಭವವನ್ನು ಸಂದರ್ಶಕರ ಇಷ್ಟಕ್ಕೆ ಬಿಡದೆ, ವೇತನ ಪತ್ರ, ವರ್ಷ, ಕೆಲಸದ ಬಗೆ ನೋಡಿ ಲಿಖಿತ ಸೂತ್ರದ ಪ್ರಕಾರ ಎಣಿಸಬೇಕು.

2022ರಲ್ಲಿ ಯುಜಿಸಿಯೇ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ದಾರಿ ತೆರೆದಿದೆ, 15 ವರ್ಷದ ಅನುಭವವಿದ್ದರೆ ಪದವಿಯ ಹಂಗಿಲ್ಲದೆ ಕಲಿಸಬಹುದು. ಆದರೆ ಅದು ಖಾಯಂ ಹುದ್ದೆಯಲ್ಲ, ಹೆಚ್ಚೆಂದರೆ ನಾಲ್ಕು ವರ್ಷ. ನಿವೃತ್ತ ಅಧಿಕಾರಿಗಳೂ ಕಂಪನಿಯ ದೊಡ್ಡವರೂ ಆ ಕುರ್ಚಿಗೆ ಬರುವುದು ಸುಲಭ. ಮೂವತ್ತೈದರ ವಯಸ್ಸಿನ ಕ್ಷೇತ್ರ ಕಾರ್ಯಕರ್ತೆಗೆ ಬೇಕಿರುವುದು ಮಾಮೂಲಿ ಸಹಾಯಕ ಪ್ರಾಧ್ಯಾಪಕ ಹುದ್ದೆ.

ಆಟೋನಗರ ಅಂದರೆ ಆಂಧ್ರದ ಮಾತು ಮಾತ್ರವಲ್ಲ. ಬೆಳಗಾವಿಯಲ್ಲೂ ಆಟೋನಗರವಿದೆ. ಆದರೆ ವಿದ್ಯಾರ್ಥಿಗಳನ್ನು ಅಂಥ ಕಡೆ ಕರೆದೊಯ್ಯಬೇಕಾದವರು ಯಾರು? ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಇಂದು ಎಂಎಸ್‌ಡಬ್ಲ್ಯು ಪಾಠದ ಭಾರ ಹೊತ್ತಿರುವವರಲ್ಲಿ ಅತಿಥಿ ಉಪನ್ಯಾಸಕರು ಬಹಳ. ಗಂಟೆ ಲೆಕ್ಕದ ಸಂಭಾವನೆಯಲ್ಲಿ ಅವರು ವಿದ್ಯಾರ್ಥಿಗಳ ಹಿಂದೆ ಶೆಡ್ಡಿಗೆ, ಕೇರಿಗೆ ಹೋದರೆ ಬಸ್ ಚಾರ್ಜು ಕೈಯಿಂದ ಹೋಗುತ್ತದೆ, ಆ ದಿನ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯ ಸರ್ಕಾರ ಯುಜಿಸಿಯ ಅನುಮತಿಗೆ ಕಾಯದೆ ಇದನ್ನು ಸರಿಪಡಿಸಬಹುದು: ಕ್ಷೇತ್ರಕಾರ್ಯದ ಮೇಲ್ವಿಚಾರಣೆಯನ್ನು ಬೋಧನೆಯ ಗಂಟೆಯಾಗಿ ಎಣಿಸಲಿ, ಪ್ರಯಾಣ ಭತ್ಯೆ ಕೊಡಲಿ. ಖಾಯಂ ಅಧ್ಯಾಪಕರಿಗೆ ಐದು ವರ್ಷಕ್ಕೊಮ್ಮೆ ಆರು ತಿಂಗಳು ಸಂಬಳ ಸಹಿತ ಕ್ಷೇತ್ರಕ್ಕೆ ಹೋಗಲು ರಜೆ ಕೊಡಲಿ, ಬಡ್ತಿಯಲ್ಲಿ ಅದಕ್ಕೆ ಒಂದು ಸಂಶೋಧನಾ ಲೇಖನಕ್ಕಿಂತ ಹೆಚ್ಚು ತೂಕವಿರಲಿ. ಮತ್ತು ಸಮಾಜಕಾರ್ಯ ವಿಭಾಗಗಳ ಮುಂದಿನ ನೇಮಕಾತಿ ಅಧಿಸೂಚನೆ ಹೊರಡುವ ಮೊದಲು, ಆ ನೂರು ಅಂಕಗಳ ಪಟ್ಟಿಯಲ್ಲಿ ಕ್ಷೇತ್ರಾನುಭವಕ್ಕೂ ಒಂದು ಸಾಲು ಸೇರಿಸಿ ಎಂದು ಉನ್ನತ ಶಿಕ್ಷಣ ಇಲಾಖೆ ಯುಜಿಸಿಗೆ ಲಿಖಿತವಾಗಿ ಕೇಳಲಿ.