ಕಸದಿಂದ ವಿದ್ಯುತ್ತು

ನಗರದ ಕಸವನ್ನು ಸುಟ್ಟು ವಿದ್ಯುಚ್ಛಕ್ತಿಯನ್ನು ಪಡೆಯುವ ಯಂತ್ರಾಗಾರಗಳು ಊರೂರಿಗೂ ಬೇಕೆಂದು ವಾದಿಸುವವರು ಸ್ವೀಡನ್ ದೇಶದ ಹೆಸರನ್ನೆತ್ತದೆ ಇರುವುದಿಲ್ಲ. ಆ ದೇಶದವರು ಮನೆಗಳ ಕಸದಲ್ಲಿ ಹೆಚ್ಚುಕಡಮೆ ಅರ್ಧವನ್ನು ಕುಲುಮೆಗೆ ಹಾಕುವರು. ಹೂಳುವುದು ನೂರಕ್ಕೆ ಒಂದು ಪಾಲಿನಷ್ಟೂ ಇಲ್ಲ. ಸಾಲದುದಕ್ಕೆ ನಾರ್ವೆ, ಬ್ರಿಟನ್ ದೇಶಗಳ ಕಸವನ್ನು ಹಣ ಪಡೆದು ತರಿಸಿಕೊಂಡಿರುವರು. ಇದೆಲ್ಲವೂ ನಿಜವೇ. ಆದರೆ ಅಲ್ಲಿ ಚಳಿಗಾಲವು ದೀರ್ಘವಾದುದು. ಕುಲುಮೆಯ ಉಷ್ಣವು ಬಿಸಿನೀರಾಗಿ ನೆಲದೊಳಗಿನ ಕೊಳವೆಗಳ ಮೂಲಕ ಮನೆಮನೆಗೂ ಹರಿಯುವುದು. ನಮ್ಮ ಸೆಕೆಯಲ್ಲಿ ಆ ಉಷ್ಣವನ್ನು ಕೊಳ್ಳುವವರಾರು? ವಿದ್ಯುತ್ತೊಂದನ್ನೇ ತೆಗೆದರೆ ಉಷ್ಣದ ಕಾಲುಭಾಗವು ಕೈಗೆ ಬಂದರೆ ಬಹಳವಾಯಿತು.

ಜಪಾನಿನಲ್ಲಿ ಸುಮಾರು 1000 ಕುಲುಮೆಗಳಿದ್ದರೂ ವಿದ್ಯುತ್ತನ್ನು ಕೊಡುವವು ಅರ್ಧಕ್ಕಿಂತ ಕಡಮೆ. ಸ್ಥಳವಿಲ್ಲದ ದ್ವೀಪವಾಸಿಗಳಿಗೆ ಕಸ ಕುಗ್ಗಿದರೇ ಲಾಭ. ನೆಲಕ್ಕೆ ಕೊರತೆಯಿಲ್ಲದ ಅಮೆರಿಕದವರು 2018ರಲ್ಲಿ ನೂರಕ್ಕೆ 12 ಪಾಲನ್ನು ಸುಟ್ಟು, 50 ಪಾಲನ್ನು ಹೂಳಿದರು.

ನಮ್ಮ ಅನುಭವವೇನು? 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ನೆರವಿನಿಂದ ದಿನಕ್ಕೆ 300 ಟನ್ನು ಕಸವನ್ನು ಸುಡುವ ಯಂತ್ರಾಗಾರವೊಂದು ಎದ್ದಿತು. ಕೆಲವೇ ದಿನ ನಡೆದು ನಿಂತಿತು. ಡೇನರ ಕಸವೇ ಬೇರೆ, ನಮ್ಮದೇ ಬೇರೆ. ತರಕಾರಿಯ ಸಿಪ್ಪೆ, ಎಂಜಲು, ಬೀದಿ ಗುಡಿಸಿದ ಮಣ್ಣು, ಇವು ತಾವಾಗಿ ಉರಿಯುವುದುಂಟೆ? ಹಸಿ ಸೌದೆಯನ್ನೂದಿ ಕಣ್ಣೀರಿಟ್ಟ ನಮ್ಮ ಗೃಹಿಣಿಯರನ್ನು ಕೇಳಿದ್ದರೆ ಖರ್ಚಿಲ್ಲದೆ ಹೇಳುತ್ತಿದ್ದರು.

ಹಸಿಯನ್ನು ಬೇರ್ಪಡಿಸಿದ ಮೇಲೆ ಚೆನ್ನಾಗಿ ಉರಿಯುವುದು ಪ್ಲಾಸ್ಟಿಕ್. ಅದಾದರೋ ಬಹುಮಟ್ಟಿಗೆ ನೆಲದೆಣ್ಣೆಯ ರೂಪಾಂತರ. ಆದುದರಿಂದಲೇ ಯೂರೋಪಿನ ಲೆಕ್ಕಗಾರರು ಕಸದ ವಿದ್ಯುತ್ತನ್ನು ಎರಡು ಪಾಲು ಮಾಡಿ, ಕಾಗದ, ಕಟ್ಟಿಗೆ, ಆಹಾರಗಳಿಂದ ಬಂದುದನ್ನು ಮಾತ್ರ ನವೀಕರಿಸಬಹುದಾದ ಶಕ್ತಿಯೆಂದು ಬರೆಯುವರು. ಪ್ಲಾಸ್ಟಿಕ್ಕಿನ ಪಾಲು ಆ ಗೌರವಕ್ಕೆ ಅರ್ಹವಲ್ಲ. ನಮಗೆ ಯಂತ್ರವನ್ನು ಕಲಿಸಲು ಬಂದ ಡೆನ್ಮಾರ್ಕೇ 2020ರಲ್ಲಿ, ತನ್ನ ಕುಲುಮೆಗಳ ಶಕ್ತಿಯನ್ನು ಹತ್ತು ವರ್ಷಗಳಲ್ಲಿ ನೂರಕ್ಕೆ 30ರಷ್ಟು ತಗ್ಗಿಸಲು ನಿಶ್ಚಯಿಸಿತು. ಗುರುವು ಬಿಡಹೊರಟ ಪಾಠವನ್ನು ಶಿಷ್ಯನು ಹೊಸದಾಗಿ ಬಾಯಿಪಾಠ ಮಾಡುವುದು ಯಾವ ಜಾಣತನ?

ಕುಲುಮೆಯೇ ಕೂಡದೆಂದು ನಾವು ಹೇಳುವುದಿಲ್ಲ. ಮರಳಿ ಬಳಸಲಾಗದ ಒಣಕಸವು ಎಷ್ಟೋ ಉಂಟು; ಅದನ್ನು ಬೀದಿಯ ಮೂಲೆಯಲ್ಲಿ ಸುಡುವುದಕ್ಕಿಂತ ಹೊಗೆಯನ್ನು ಶೋಧಿಸುವ ಯಂತ್ರದಲ್ಲಿ ಸುಡುವುದು ಮೇಲು. ಆದರೆ ಕುಲುಮೆಯನ್ನು ಕಟ್ಟಿದ ಮೇಲೆ ಅದರ ಹಸಿವನ್ನು ಹತ್ತಿಪ್ಪತ್ತು ವರ್ಷ ತಣಿಸಬೇಕಾಗುವುದು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸಹಿಸಿದ ಮಂಡೂರಿನ ಜನರು 2014ರಲ್ಲಿ ಬೀದಿಗಿಳಿದ ಮೇಲೆಯೇ ಅಲ್ಲಿಗೆ ಗಾಡಿಗಳು ಹೋಗುವುದು ನಿಂತಿತು. ಇನ್ನೊಂದು ಹಳ್ಳಿಯ ಪಕ್ಕದಲ್ಲಿ ಚಿಮಣಿಯನ್ನು ನಿಲ್ಲಿಸುವ ಮುನ್ನ ನಗರಪಾಲಿಕೆಯವರು ಒಂದು ವರ್ಷಕಾಲ ಹಸಿಕಸ ಒಣಕಸಗಳನ್ನು ಬೇರೆಬೇರೆಯಾಗಿ ತೂಗಿ, ಆ ಲೆಕ್ಕವನ್ನು ಮಹಾಜನರ ಮುಂದಿಡಲಿ. ಕುಲುಮೆಯು ಎಷ್ಟು ದೊಡ್ಡದಿರಬೇಕೆಂಬ ಮಾತನ್ನು ಆಮೇಲೆ ಎತ್ತಲಿ.