ಜೀಪು ಸೋರೋದು ದೊಡ್ಡ ವಿಷಯ ಅಲ್ಲ, ಸೋರಿದ ನೀರಿಗೆ ಹೊರದಾರಿ ಇಲ್ಲದಿರೋದು ದೊಡ್ಡ ವಿಷಯ

ಮಳೆಗಾಲ ಹತ್ತಿರ ಬರ್ತಿದ್ದ ಹಾಗೆ ನಮ್ಮ ಕಡೆ ಎರಡು ಮಾತು ಪ್ರತಿವರ್ಷ ಕೇಳ್ತದೆ. ಒಂದು, ಕೊಳೆಗೆ ಔಷಧಿ ಯಾವಾಗ ಹೊಡೆಯೋದು. ಇನ್ನೊಂದು, "ಹೊಸ ಜೀಪಿನ ಒಳಗೆ ನೀರು ಬರ್ತದೆ ಮಾರಾಯ್ರೆ, ಏನ್ ಮಾಡೋದು?" ಮೊದಲನೇದರ ಬಗ್ಗೆ ಸಾಕಷ್ಟು ಬರೆದಿದ್ದೇನೆ. ಇವತ್ತು ಎರಡನೇದು. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿನಲ್ಲಿ ಓದಿ.

ಈ ಪ್ರಶ್ನೆಗೆ ಷೋರೂಮಿನವರ ಬಾಯಲ್ಲಿ ಒಂದು ಸಿದ್ಧ ಉತ್ತರ ಇದೆ: "ಜೀಪ್ ಅಂದ್ಮೇಲೆ ಸ್ವಲ್ಪ ಸೋರೋದೇ ಸಾರ್, ಇದೇನು ಕಾರಾ?" ನಮ್ಮಲ್ಲೇ ಹಲವರು ಇದನ್ನು ಒಪ್ಪಿಕೊಂಡೂ ಬಿಟ್ಟಿದ್ದಾರೆ. ನಾನು ಒಪ್ಪೋದಿಲ್ಲ. ಯಾಕೆ ಅಂತ ಹೇಳ್ತೇನೆ.

ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪು ಜೋಡಿಸೋ ಕೆಲಸ ಶುರುವಾಗಿದ್ದು 1947ರ ಹೊತ್ತಿಗೆ. ಆ ಜೀಪೂ, ಅದರ ಮಕ್ಕಳು ಮೊಮ್ಮಕ್ಕಳ ಹಾಗೆ ಆಮೇಲೆ ಬಂದ ಜೀಪುಗಳೂ ಸೋರ್ತಿದ್ದವು, ಸುಳ್ಳಲ್ಲ. ಟಾರ್ಪಾಲಿನ ಹುಡ್, ಬಾಗಿಲಿಗೆ ಬಟ್ಟೆ, ಒಳಗೆ ಬರೀ ತಗಡು. ಮೇಲಿಂದ ಬಂದ ನೀರು ನೆಲದ ತೂತಿನಿಂದ ಕೆಳಗೆ ಹೋಗ್ತಿತ್ತು. ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂದರೆ ಎಲ್ಲ ಒಣಗ್ತಿತ್ತು. ಅಂದ್ರೆ ಸೋರಿಕೆ ಇತ್ತು, ಆದರೆ ನೀರಿಗೆ ಹೊರದಾರಿಯೂ ಇತ್ತು.

ಈಗಿನ ಗಾಡಿ ಹಾಗಲ್ಲ. ನೆಲದ ಮೇಲೆ ಕಾರ್ಪೆಟ್, ಅದರ ಅಡಿಗೆ ಒಂದು ಇಂಚಿನ ಫೋಮ್, ಫೋಮಿನ ಕೆಳಗೋ ಪಕ್ಕಕ್ಕೋ ವೈರಿಂಗ್. ಸೀಟಿನ ಅಡಿಗೆ ಕನೆಕ್ಟರುಗಳು. ಒಂದು ಲೋಟ ನೀರು ಬಿದ್ದರೆ ಆ ಫೋಮ್ ಅದನ್ನು ಹೀರಿಕೊಂಡು ವಾರಗಟ್ಟಲೆ ಹಿಡಿದಿಟ್ಟುಕೊಳ್ತದೆ. ಮೇಲೆ ಕೈಯಾಡಿಸಿದರೆ ಒಣ, ಕೆಳಗೆ ಕೆಸರುಗದ್ದೆ. ಆಗುಂಬೆ ಕಡೆ ವರ್ಷಕ್ಕೆ 7 ಸಾವಿರ ಮಿಲಿಮೀಟರು ಮೀರಿ ಮಳೆ ಬೀಳೋ ಸೀಮೆ ನಮ್ಮದು. ಜೂನಿನಲ್ಲಿ ಒದ್ದೆಯಾದದ್ದು ಅಕ್ಟೋಬರಿನವರೆಗೂ ಒಣಗೋದಿಲ್ಲ. ಅಷ್ಟರಲ್ಲಿ ಬೂಸಲು ವಾಸನೆ, ಆಮೇಲೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು, ಕೊನೆಗೆ ನೆಲದ ತಗಡಿಗೆ ತುಕ್ಕು.

ಅದಕ್ಕೆ ನಮ್ಮ ಕೃಷಿಯೂ ತನ್ನ ಪಾಲು ಸೇರಿಸ್ತದೆ. ಬೋರ್ಡೋಗೆ ತರೋ ಮೈಲುತುತ್ತದ ಚೀಲ ಎಲ್ಲಿ ಇಡ್ತೀವಿ? ಜೀಪಿನ ಹಿಂದೆ. ಪೊಟ್ಯಾಷ್ ಚೀಲ? ಅಲ್ಲೇ. ಮೈಲುತುತ್ತದ ನೀರು ಕಬ್ಬಿಣವನ್ನು ಹೇಗೆ ತಿಂತದೆ ಅಂತ ಹಳೇ ಡ್ರಮ್ಮಿನ ಬಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ಪೊಟ್ಯಾಷ್ ಅಂದ್ರೆ ಕ್ಲೋರೈಡ್ ಉಪ್ಪು, ಸಮುದ್ರದ ಉಪ್ಪಿನ ಅಣ್ಣತಮ್ಮ. ಒಣ ತಗಡಿನ ಮೇಲೆ ಚೆಲ್ಲಿದರೆ ಗುಡಿಸಿದರಾಯ್ತು. ಒದ್ದೆ ಫೋಮಿಗೆ ಇಳಿದರೆ ಗುಡಿಸೋದು ಎಲ್ಲಿಂದ?

ಇದೆಲ್ಲ ಬರೀ ತಗಡಿನ ಲೆಕ್ಕ ಅಲ್ಲ. ನಮ್ಮ ಕೇರಿಯಿಂದ ತಾಲೂಕು ಆಸ್ಪತ್ರೆಗೆ 31 ಕಿಲೋಮೀಟರು. ಮೊದಲ 4 ಕಿಲೋಮೀಟರು ಮಳೆಗಾಲದಲ್ಲಿ ಜೀಪು ಬಿಟ್ಟರೆ ಬೇರೆ ಏನೂ ಹತ್ತೋದಿಲ್ಲ. ಹೋದ ವರ್ಷ ಆರಿದ್ರ ಮಳೆಯ ಒಂದು ರಾತ್ರಿ ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಜಾಸ್ತಿಯಾಯ್ತು. ಕೀ ತಿರುಗಿಸಿದರೆ ನನ್ನ ಜೀಪಿನ ಮೀಟರಿನಲ್ಲಿದ್ದ ದೀಪ ಎಲ್ಲ ಒಟ್ಟಿಗೆ ಹತ್ತಿದವು, ಸ್ಟಾರ್ಟ್ ಆಗ್ಲಿಲ್ಲ. ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತುಕೊಂಡು ರಸ್ತೆಗೆ ಹೋಗಿ 108 ಹತ್ತಿಸಿದೆವು. ಅಜ್ಜಿ ಈಗ ಆರಾಮಿದ್ದಾರೆ. ಆದರೆ ಗಾಡಿಗೆ ಆಗ ಬರೀ 14 ತಿಂಗಳು. ಕಾರಣ ಹುಡುಕಿದಾಗ ಸಿಕ್ಕಿದ್ದು ಡ್ರೈವರ್ ಬದಿ ಕಾರ್ಪೆಟ್ಟಿನ ಕೆಳಗೆ ಕಿಲುಬು ಹಿಡಿದ ಒಂದು ಕನೆಕ್ಟರ್.

ಕಾರ್ಪೆಟ್ ಒದ್ದೆಯಾಗ್ತದೆ ಅಂತ ಅದಕ್ಕೂ ಮೊದಲೇ ಮೂರು ಸಲ ಸರ್ವಿಸಿಗೆ ಬಿಟ್ಟಿದ್ದೆ. ಮೂರು ಸಲವೂ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಬಳಿದು ಕಳಿಸಿದ್ದರು. ನೀರು ಹಾಕಿ ನೋಡಿದೆವು, ಸೋರ್ಲಿಲ್ಲ ಅಂದ್ರು. ಅವರು ಸುಳ್ಳು ಹೇಳಿರಲಿಲ್ಲ. ಅವರ ನೆಲ ಸಪಾಟು. ನನ್ನ ಅಂಗಳ ಬಲಕ್ಕೆ ಇಳಿಜಾರು. ಗಾಡಿ ಬಲಕ್ಕೆ ವಾಲಿ ನಿಂತಾಗ ಮಾತ್ರ ವೈಪರಿನ ಅಡಿಯ ತೊಟ್ಟಿಯಲ್ಲಿ ನೀರು ಮೂಲೆಗೆ ಸೇರಿ ಒಳಗೆ ಇಳೀತಿತ್ತು. ಆ ಮೂಲೆಯಲ್ಲಿ ಎರಡು ತಗಡು ಕೂಡೋ ಜಾಗಕ್ಕೆ ಹಾಕಬೇಕಾದ ಸೀಲರ್ ಒಂದೂವರೆ ಇಂಚು ಹಾಕೇ ಇರಲಿಲ್ಲ. ಗಾಜಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಈ ಪಾಠ ಹೊಸದಲ್ಲ. ಹನಿ ಬೀಳೋದು ದೇವರಕೋಣೆಯಲ್ಲಿ, ಒಡೆದ ಹಂಚು ಇರೋದು ನಾಲ್ಕು ಸಾಲು ಮೇಲೆ. ನೀರು ರೀಪು ಹಿಡಿದು, ಪಕಾಸಿ ಹಿಡಿದು ತನಗೆ ಬೇಕಾದಲ್ಲಿ ಇಳೀತದೆ. ಹನಿ ಬಿದ್ದ ಜಾಗದ ನೇರ ಮೇಲಿನ ಹಂಚು ಬದಲಿಸೋನನ್ನು ನಾವು ದಡ್ಡ ಅಂತೀವಿ. ಜೀಪಿಗೆ ಅದನ್ನೇ ಮಾಡಿದರೆ ರಿಪೇರಿ ಅಂತ ಬಿಲ್ಲು ಕೊಡ್ತೀವಿ.

ಹಾಗಾಗಿ ಹುಡುಕೋ ಕ್ರಮ ಹೇಳ್ತೇನೆ. ಮೊದಲು ಒಣಗಿಸಬೇಕು. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸೀಟು ತೆಗೀರಿ. ಸೀಟಿನ ಅಡಿಗೆ ಏರ್‌ಬ್ಯಾಗಿನ ವೈರ್ ಇರ್ತದೆ, ಹುಷಾರು. ಕಾರ್ಪೆಟ್ಟು ಫೋಮು ಎರಡೂ ಹೊರಗೆ ತಂದು ಅಡಿಕೆ ಒಣಗಿಸೋ ಸೋಲಾರ್ ಮನೆಯಲ್ಲಿ ಹಾಕಿ. ತಗಡು ಒರೆಸಿ, ಅನುಮಾನ ಇರೋ ಕಡೆಯೆಲ್ಲ ಪೌಡರೋ ಸೀಮೆಸುಣ್ಣದ ಪುಡಿಯೋ ತೆಳ್ಳಗೆ ಉದುರಿಸಿ. ನೀರು ಬಂದರೆ ಪುಡಿಯ ಮೇಲೆ ತನ್ನ ದಾರಿ ತಾನೇ ಬರೀತದೆ.

ಆಮೇಲೆ ಪೈಪು. ಪ್ರೆಷರ್ ಬೇಡ, ಗಿಡಕ್ಕೆ ಬಿಡೋ ಹಾಗೆ ಸುಮ್ಮನೆ ಹರಿಯಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು: ಮೊದಲು ಬಾಗಿಲ ತಳ, ಆಮೇಲೆ ಹಿಂದಿನ ಲೈಟಿನ ಸುತ್ತ, ವೈಪರ್ ತೊಟ್ಟಿ, ಗಾಜು, ಕೊನೆಗೆ ಮಾಡು. ಒಂದೊಂದು ಕಡೆ 10 ನಿಮಿಷ. ಮೇಲಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರೀತದೆ, ಯಾವುದು ಕಳ್ಳ ಅಂತ ಗೊತ್ತಾಗೋದಿಲ್ಲ. ಸಪಾಟು ನೆಲದಲ್ಲಿ ಸಿಗದಿದ್ದರೆ ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ವಾಲಿಸಿ ನಿಲ್ಲಿಸಿ ಮತ್ತೆ ಹಾಕಿ. ಆಗಲೂ ಇಲ್ಲ ಅಂದ್ರೆ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿಸಿ. ಗುಡ್ಡದ ದಾರಿಯಲ್ಲಿ ಬಾಡಿ ತಿರುಚಿಕೊಂಡಾಗ ಮಾತ್ರ ಬಾಯಿ ಬಿಡೋ ಸಂದುಗಳಿರ್ತವೆ.

ನೀರು ಹಾಕದೆ ನೋಡೋ ಉಪಾಯಗಳೂ ಇವೆ. ಬಾಗಿಲಿನ ರಬ್ಬರಿಗೆ ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೀರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ಬಾಗಿಲು ಸರಿಯಾಗಿ ಕೂತಿಲ್ಲ. ಹೊರಗಿನ ಗಾಳಿ ಒಳಗೆ ಬರೋ ಹಾಗೆ ಬ್ಲೋವರ್ ಪೂರ್ತಿ ಹಾಕಿ, ಹಿಂದಿನ ಗಾಳಿ ಕಿಂಡಿಗೆ ಟೇಪು ಹಚ್ಚಿ, ಬಾಗಿಲು ಮುಚ್ಚಿ, ಹೊರಗಿನ ಸಂದುಗಳಿಗೆ ಸೋಪಿನ ನೀರು ಬಳೀರಿ. ಗಾಳಿ ಹೊರಬರೋ ಕಡೆ ಗುಳ್ಳೆ ಏಳ್ತದೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕೋ ಲೆಕ್ಕವೇ.

ಮಳೆಯ ನೀರೇ ಅಂತಲೂ ಮೊದಲೇ ತೀರ್ಮಾನಿಸಬೇಡಿ. ಬೇಸಿಗೆಯಲ್ಲೂ ಎಸಿ ಹಾಕಿದ ದಿನ ಒದ್ದೆಯಾದರೆ ಎಸಿಯ ನೀರು ಹೊರಹೋಗೋ ಪೈಪು ಕಟ್ಟಿರ್ತದೆ. ಅಂಟಂಟು, ಬಣ್ಣ, ಸಿಹಿ ವಾಸನೆ ಇದ್ದರೆ ಅದು ಹೀಟರಿನ ಕೂಲೆಂಟ್. ಬಾಗಿಲಿನ ಹೊಟ್ಟೆಯೊಳಗೆ ನೀರು ಇಳಿಯೋದು ಸಹಜ, ಗಾಜಿನ ಪಕ್ಕದಿಂದ ಇಳಿದು ತಳದ ತೂತಿನಿಂದ ಹೋಗಬೇಕು. ಆ ತೂತಿಗೆ ನಮ್ಮ ಕೆಂಪು ಮಣ್ಣು ತುಂಬಿದರೆ, ಇಲ್ಲವೇ ಒಳಗಿನ ಪ್ಲಾಸ್ಟಿಕ್ ಹಾಳೆ ಅಂಟು ಬಿಟ್ಟಿದ್ದರೆ, ನೀರು ಕ್ಯಾಬಿನ್ನಿಗೆ ಬರ್ತದೆ. ಒಂದು ಕಡ್ಡಿಯಲ್ಲಿ ಮುಗಿಯೋ ಕೆಲಸ.

ಹಳ್ಳ ದಾಟೋರು ಇನ್ನೊಂದು ನೋಡಬೇಕು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿಂದ ಎಳ್ಕೊಳ್ತದೆ. ಉಸಿರಾಡೋ ಬ್ರೀದರ್ ಪೈಪು ಕಟ್ಟಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಎಳ್ಕೊಳ್ತದೆ. ಡಿಫರೆನ್ಷಿಯಲ್ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ.

ಜಾಗ ಸಿಕ್ಕ ಮೇಲೂ ಅವಸರ ಬೇಡ. ವಿನೆಗರ್ ವಾಸನೆಯ ಸಿಲಿಕಾನ್ ತಗಡಿಗೆ ಬಳೀಬೇಡಿ. ಅದರಿಂದ ಹೊರಡೋ ಆಮ್ಲವೇ ತುಕ್ಕು ಹಿಡಿಸ್ತದೆ, ಆಮೇಲೆ ಅದರ ಮೇಲೆ ಪೇಂಟೂ ನಿಲ್ಲೋದಿಲ್ಲ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಬಾಡಿಗೆಂದೇ ಸಿಗೋ ಪಾಲಿಯುರೆಥೇನ್ ಸೀಲರ್ ಹಾಕಿ. ನೀರು ಹೊರಹೋಗೋ ತೂತನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ತೋಟದ ಬಸಿಗಾಲುವೆ ಮುಚ್ಚಿದ ಹಾಗೆ ಆಗ್ತದೆ ಅದು.

ಈಗ ನನ್ನ ಮುಖ್ಯ ಮಾತಿಗೆ ಬರ್ತೇನೆ. ಇಷ್ಟೆಲ್ಲ ನಾವು ಯಾಕೆ ಮಾಡಬೇಕು? ಹತ್ತು ಹದಿನೈದು ಲಕ್ಷ ಕೊಟ್ಟವನು ಪುಡಿ ಉದುರಿಸಿಕೊಂಡು ಕೂರಬೇಕಾ? ಕಾರ್ಖಾನೆಯಿಂದ ಹೊರಡೋ ಮೊದಲು ಗಾಡಿಗೆ ಶವರ್ ಪರೀಕ್ಷೆ ಮಾಡೋ ಪದ್ಧತಿ ಇದೆ. ಆದರೆ ಅದು ಸಪಾಟು ನೆಲದಲ್ಲಿ, ಕೆಲವೇ ನಿಮಿಷದ್ದು. ಮೃಗಶಿರದಿಂದ ಆಶ್ಲೇಷದವರೆಗೆ ಬಿಡದೆ ಹೊಯ್ಯೋ ಮಳೆಯಲ್ಲಿ, ಇಳಿಜಾರಿನಲ್ಲಿ ನಿಲ್ಲೋ ಗಾಡಿಗೆ ಅದು ಸಾಲೋದಿಲ್ಲ. ಜಾಹೀರಾತಿನಲ್ಲಿ ಹೊಳೆ ಸೀಳಿಕೊಂಡು ಹೋಗೋ ಚಿತ್ರ ತೋರಿಸಿ ಮಾರಿದ ಮೇಲೆ, ಮಳೆಗೆ ಸೋರಿದರೆ "ಇದು ಜೀಪಿನ ಗುಣ" ಅನ್ನೋದು ಯಾವ ನ್ಯಾಯ?

ಸರ್ವಿಸಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಅವರ ತಲೆ ಮೇಲೆ ಕೂತಿರ್ತಾರೆ. ಬದಲಿಸಿದ್ದಕ್ಕೆ, ಬಳಿದದ್ದಕ್ಕೆ ಲೆಕ್ಕ ಇದೆ, ಹುಡುಕಿದ ಹೊತ್ತಿಗೆ ಕೂಲಿ ಇಲ್ಲ. ಎರಡು ದಿನ ಕೂತು ಹುಡುಕಿದ ಹುಡುಗನಿಗೆ ಶಹಬ್ಬಾಸ್ ಸಿಗದ ವ್ಯವಸ್ಥೆಯಲ್ಲಿ ಸಿಲಿಕಾನ್ ಟ್ಯೂಬೇ ಬುದ್ಧಿವಂತಿಕೆ. ಬದಲಾಗಬೇಕಾದ್ದು ಅದು.

ಬದಲಾಗೋದು ನಾವು ಬರಹದಲ್ಲಿ ಕೇಳಿದಾಗ ಮಾತ್ರ. ಗಾಡಿ ತಗೊಳ್ಳೋ ದಿನವೇ, ಪೂಜೆಗೂ ಮೊದಲು, ನೀರು ಹಾಕಿಸಿ ಕಾರ್ಪೆಟ್ ಎತ್ತಿ ನೋಡಿ. ಸೋರಿದರೆ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆಯೋಕೆ ಬಿಡಬೇಡಿ. "ಬಲಕ್ಕೆ ವಾಲಿ ನಿಂತಾಗ ಡ್ರೈವರ್ ಕಾಲಡಿ ನೀರು, ಮೂರನೇ ಸಲ" ಅಂತ ಇರಬೇಕು. ಫೋಟೋ, ವಿಡಿಯೋ ತಾರೀಕು ಸಮೇತ ಇಟ್ಟುಕೊಳ್ಳಿ. ಗ್ರಾಹಕ ಸಂರಕ್ಷಣಾ ಕಾಯಿದೆ 2019, ಜಾರಿಗೆ ಬಂದದ್ದು 2020ರ ಜುಲೈ 20ಕ್ಕೆ. ತಯಾರಿಕೆಯ ದೋಷಕ್ಕೆ ತಯಾರಕನೇ ಹೊಣೆ ಅನ್ನೋದು ಅದರಲ್ಲಿ ಸ್ಪಷ್ಟ ಇದೆ. 50 ಲಕ್ಷದವರೆಗಿನ ಬೆಲೆಯ ವಸ್ತುವಿಗೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. "ನೀವು ಕೃಷಿಗೆ ಬಳಸಿದ್ದೀರಿ, ವಾಣಿಜ್ಯ ಉಪಯೋಗ" ಅಂತ ಹೆದರಿಸಿದರೆ ಹೆದರಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ಕೊಂಡದ್ದು ವಾಣಿಜ್ಯ ಅಲ್ಲ ಅಂತ ಅದೇ ಕಾಯಿದೆ ಹೇಳ್ತದೆ. ಅದಕ್ಕೂ ಮೊದಲು 1915ಕ್ಕೆ ಒಂದು ಫೋನ್ ಮಾಡಿದರೂ ಎಷ್ಟೋ ಕಡೆ ಕೆಲಸ ಚುರುಕಾಗ್ತದೆ.

"ಒಂದು ಲೋಟ ನೀರಿಗೆ ಇಷ್ಟು ರಗಳೆಯಾ?" ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಅಡಿಕೆ ಗೊನೆಯಲ್ಲಿ ಕೊಳೆ ಒಂದು ಕಾಯಿಗೆ ಕಂಡಾಗಲೇ ನಾವು ಏಣಿ ಎತ್ತೀವಿ, ಗೊನೆ ಪೂರ್ತಿ ಉದುರೋವರೆಗೆ ಕಾಯೋದಿಲ್ಲ. ಜೀಪಿಗೂ ಅದೇ ನಿಯಮ. ಈ ಭಾನುವಾರ ಬಿಸಿಲಿದ್ದರೆ ಮ್ಯಾಟು ತೆಗೆದು, ಕಾರ್ಪೆಟ್ಟಿನ ಅಂಚು ಎತ್ತಿ, ಫೋಮಿನ ಅಡಿಗೆ ಕೈ ಹಾಕಿ ನೋಡಿ. ಮೃಗಶಿರ ಹಿಡಿಯೋಕೆ ಇನ್ನೂ ದಿನ ಇದೆ.