ಮಧ್ಯಾಹ್ನದ ಪಾರ್ಕು ಯಾರದು?

ಬೆಂಗಳೂರಿನ ಬಡಾವಣೆ ಪಾರ್ಕುಗಳು ಬಹುಕಾಲ ವಾಕಿಂಗಿನವರ ಗಡಿಯಾರದಂತೆ ನಡೆದವು. ಬೆಳಗಿನ ನಡಿಗೆ ಮುಗಿದು ಹತ್ತು ಗಂಟೆಯಾದರೆ ಗೇಟಿಗೆ ಬೀಗ. ಮತ್ತೆ ತೆರೆಯುತ್ತಿದ್ದುದು ಮಧ್ಯಾಹ್ನದ ಮೇಲೆ. ನೆರಳು ನಿಜಕ್ಕೂ ಬೇಕಾಗುವ ಹೊತ್ತಿನಲ್ಲೇ ನೆರಳಿಗೆ ಬೀಗ. ಬೀದಿ ಗುಡಿಸಿ ದಣಿದ ಪೌರಕಾರ್ಮಿಕರು, ಎರಡು ಮನೆಗೆಲಸಗಳ ನಡುವೆ ಒಂದು ಗಂಟೆ ಬಿಡುವು ಸಿಕ್ಕ ಹೆಂಗಸು, ಮಂದಿಗೆ ಊಟ ತಲುಪಿಸಿ ತನ್ನ ಬುತ್ತಿ ಬಿಚ್ಚಲು ಜಾಗ ಹುಡುಕುವ ಹುಡುಗ, ಎಲ್ಲರೂ ಫುಟ್‌ಪಾತಿನ ಕಲ್ಲಿನ ಮೇಲೆ. 2024ರಲ್ಲಿ ಪಾಲಿಕೆ ತನ್ನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಹೇಳಿದಾಗ ಅಪಸ್ವರ ಕೇಳಿಬಂದದ್ದು ಕೆಲವು ನಿವಾಸಿಗಳ ಕಡೆಯಿಂದಲೇ. ಭದ್ರತೆ ಏನಾಗಬೇಕು ಎಂಬುದು ಅವರ ಪ್ರಶ್ನೆ.

ಬಯಲು, ಪಾರ್ಕು, ಕೆರೆಯಂಗಳಗಳ ಯೋಜನೆಯಲ್ಲಿ ಜನ ಪಾಲ್ಗೊಳ್ಳಬೇಕು ಎಂದು ಎಲ್ಲರೂ ಹೇಳುತ್ತೇವೆ. ನಾನೂ ಹೇಳುತ್ತೇನೆ. ಆದರೆ ಆ ‘ಜನ’ ಅಂದರೆ ಯಾರು? ಸಭೆಗೆ ಬರಲು ಬಿಡುವಿದ್ದವರೇ?

ಹಾಗೆಂದು ನಿವಾಸಿಗಳನ್ನು ಹಳಿಯುವುದು ಕೃತಘ್ನತೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಾಗ ಕೋರ್ಟಿನ ಮೆಟ್ಟಿಲು ಹತ್ತಿದವರು ಅಲ್ಲಿನ ನಿವಾಸಿಗಳು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರ ನಿಂತಿತು. ಪಾರ್ಕಿನ ಬದಲಿಗೆ ಆಸ್ಪತ್ರೆ ಕೊಟ್ಟರೆ ಲೆಕ್ಕ ಚುಕ್ತಾ ಆಗುವುದಿಲ್ಲ, ಪ್ರಶ್ನಿಸುವ ಹಕ್ಕು ಅಲ್ಲಿ ಬದುಕುವವರಿಗೆ ಇದೆ ಎಂಬುದು ಅದರ ತಿರುಳು. ಇಂದು ಉಳಿದಿರುವ ಎಷ್ಟೋ ಬಯಲುಗಳ ಹಿಂದೆ ಇಂಥ ಹಟಮಾರಿ ನಿವೃತ್ತರ ಕಡತಗಳಿವೆ.

ಆದರೆ ಆ ಗೆಲುವು ಜಾಗ ಉಳಿಸಿಕೊಂಡ ಗೆಲುವು. ಕಾನೂನೂ ಅಷ್ಟಕ್ಕೇ ನಿಲ್ಲುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಡಾವಣೆಯ ಶೇಕಡಾ 15ರಷ್ಟನ್ನು ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು ಎನ್ನುತ್ತದೆ. ಉದ್ಯಾನ, ಮೈದಾನ, ಬಯಲುಗಳನ್ನು ಕಾಪಾಡಲೆಂದೇ 1985ರ ರಾಜ್ಯ ಕಾಯ್ದೆಯೊಂದಿದೆ. ಎರಡೂ ಚದರಡಿ ಕಾಯುತ್ತವೆ. ಆ ಚದರಡಿಯೊಳಗೆ ಕ್ರಿಕೆಟ್ಟೋ ಹುಲ್ಲುಹಾಸೋ, ಬೆಂಚೋ ಕಟ್ಟೆಯೋ, ಬೀಗವೋ ಬಾಗಿಲೋ ಎಂಬುದನ್ನು ಸ್ಥಳೀಯವಾಗಿ ಯಾರೋ ತೀರ್ಮಾನಿಸುತ್ತಾರೆ.

ಕೇಳುವ ಪದ್ಧತಿ ಇಲ್ಲವೆಂದಲ್ಲ. ನಕಾಶೆ ಸಿದ್ಧವಾಗುತ್ತದೆ, ಪ್ರಕಟಣೆ ಹೊರಡುತ್ತದೆ, ಗಡುವಿನೊಳಗೆ ಆಕ್ಷೇಪಣೆ, ಸಲಹೆ ಸಲ್ಲಿಸಬಹುದು. ಛತ್ರ ಗೊತ್ತುಮಾಡಿ, ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ. 2031ಕ್ಕೆಂದು ರೂಪಿಸಿದ ಬೆಂಗಳೂರಿನ ಮಹಾಯೋಜನೆಯ ಕರಡು 2017ರ ಕೊನೆಗೆ ಹೊರಬಂದು, ಆಕ್ಷೇಪಣೆಗಳ ರಾಶಿ ಹೊತ್ತು, 2020ರಲ್ಲಿ ವಾಪಸಾಯಿತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಪಾಲಿಕೆಯ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಇನ್ನು ಸಮಿತಿಯ ಮಾತು ಬಿಡಿ.

ಬೇರೆ ದಾರಿಯೂ ಉಂಟು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಹಾಳುಬಿದ್ದಿದ್ದಾಗ ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರು, ಹಳೆಯ ಊರಿನವರು, ಪರಿಸರ ಬಲ್ಲವರು, ಪಾಲಿಕೆಯ ಎಂಜಿನಿಯರುಗಳು ಕೂಡಿ ಅದನ್ನು ಮತ್ತೆ ಕೆರೆಯಾಗಿಸಿದರು. ನನಗೆ ಅದರಲ್ಲಿ ಹಿಡಿಸಿದ್ದು ನಡಿಗೆಯ ಹಾದಿಯಲ್ಲ. ದನಕ್ಕೆ ಹುಲ್ಲು ಕೊಯ್ಯುವವರಿಗೂ ಮೀನು ಹಿಡಿಯುವವರಿಗೂ ಅಲ್ಲಿ ಜಾಗ ಉಳಿಯಿತು ಎಂಬುದು. ಎಷ್ಟೋ ಕೆರೆಗಳಲ್ಲಿ ಬೇಲಿ ಬಂದ ದಿನವೇ ಇವರು ಅತಿಕ್ರಮಿಗಳಾದರು. ಬೇಲಿ ಕೇಳಿದವರೂ ಜನರೇ, ಅರ್ಜಿ ಬರೆದೇ ಕೇಳಿದರು. ಹುಲ್ಲು ಕೊಯ್ಯುವಾಕೆ ಅರ್ಜಿ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ಸಾಗುವುದಿಲ್ಲ ಎನ್ನುವ ಅಧಿಕಾರಿಯ ಮಾತಿನಲ್ಲಿ ಹುರುಳಿದೆ. ರಾಜಕಾಲುವೆಯ ಇಳಿಜಾರು ಎಷ್ಟಿರಬೇಕೆಂದು ಕೈ ಎತ್ತಿಸಿ ತೀರ್ಮಾನಿಸಲಾಗದು. ಅದು ಎಂಜಿನಿಯರಿನ ಕೆಲಸ. ಆದರೆ ಗೇಟು ಎಲ್ಲಿ, ಎಷ್ಟು ಹೊತ್ತು, ಯಾವ ಮರದಡಿ ಕಟ್ಟೆ ಎಂಬುದಕ್ಕೆ ಪದವಿ ಬೇಕಿಲ್ಲ. ಅದಕ್ಕೆ ಸಭೆಯೂ ಸಾಲದು, ಏಕೆಂದರೆ ಸಭೆ ಕರೆದರೆ ಬರುವವರೇ ಬರುತ್ತಾರೆ. ನಕಾಶೆ ಬರೆಯುವ ಮುಂಚೆ ಒಬ್ಬ ನೌಕರ ಒಂದು ವಾರ ಆ ಜಾಗದಲ್ಲಿ ಕುಳಿತು, ಬೆಳಿಗ್ಗೆ ಯಾರು, ಮಧ್ಯಾಹ್ನ ಯಾರು, ಕತ್ತಲಾದ ಮೇಲೆ ಯಾರು ಎಂದು ಬರೆದುಕೊಳ್ಳಲಿ, ಅಲ್ಲೇ ಮಾತಾಡಿಸಲಿ. ಆ ಪಟ್ಟಿಯನ್ನೇ ವಾರ್ಡ್ ಸಭೆಯ ಮೇಜಿನ ಮೇಲಿಡಲಿ. ಬಂದವರು ಬಾರದವರ ಮುಂದೆ ಉತ್ತರ ಹೇಳಬೇಕಾಗುತ್ತದೆ.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಗುಂಡುತೋಪುಗಳಿದ್ದವು: ಮಾವು, ಹಲಸು, ನೇರಳೆ, ಹುಣಸೆ. ಸಂತೆಗೆ ಹೊರಟ ಗಾಡಿಯವನು ಎತ್ತು ಬಿಚ್ಚಿ ಅಲ್ಲೇ ಮಲಗುತ್ತಿದ್ದ. ಅವನು ಆ ಊರಿನವನಾಗಿರಲಿಲ್ಲ.